ದಂಡದ ಅಳತೆಗೋಲು

2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ನಿರ್ಣಾಯಕ ಪಂದ್ಯವೊಂದು ನಡೆಯುತ್ತಿತ್ತು. ತೊಂಬತ್ತು ನಿಮಿಷಗಳ ಆಟ ಉಭಯಪಕ್ಷಗಳಿಗೂ ಒಂದು ಗೋಲನ್ನೂ ಕೊಡದೆ ಮುಗಿದು, ಹೆಚ್ಚುವರಿ ಅವಧಿ ಆಗಷ್ಟೇ ಬಿಸಿಯೇರುತ್ತಿದ್ದ ಹೊತ್ತಿನಲ್ಲಿ, ಕೇರಳ ಬ್ಲಾಸ್ಟರ್ಸ್ ತಂಡದ ಪೆನಾಲ್ಟಿ ಆವರಣದ ಹೊರಅಂಚಿನಲ್ಲಿ ಬೆಂಗಳೂರು ಎಫ್‌ಸಿಗೆ ಒಂದು ಫ್ರೀ ಕಿಕ್ ದೊರೆಯಿತು. ಬ್ಲಾಸ್ಟರ್ಸ್ ಗೋಲ್‌ಕೀಪರು ತನ್ನವರ ಗೋಡೆಯನ್ನು ನೇರ್ಪಡಿಸುತ್ತಿರಲು, ಸುನಿಲ್ ಛೇತ್ರಿಯವರು ಸೀಟಿಗಾಗಿ ಕಾಯದೆ ಚೆಂಡನ್ನು ಮೆಲ್ಲನೆ ಎತ್ತಿ ಬರಿದಾಗಿದ್ದ ಬಲೆಯೊಳಕ್ಕೆ ಹಾಕಿದರು. ರೆಫರಿ ಕ್ರಿಸ್ಟಲ್ ಜಾನ್ ಅದನ್ನು ಗೋಲೆಂದು ಸಾರಿದರು. ಬ್ಲಾಸ್ಟರ್ಸ್ ಆಟಗಾರರು ರೆಫರಿಯನ್ನು ಮುತ್ತಿದರು. ತುಸು ಹೊತ್ತಿನಲ್ಲಿ ಅವರ ತರಬೇತುದಾರ ಇವಾನ್ ವುಕೊಮನೊವಿಚ್ ಗೆರೆಯಾಚೆಯಿಂದ ಕೈಬೀಸಿ ತನ್ನವರನ್ನೆಲ್ಲ ಹೊರಕ್ಕೆ ಕರೆದರು. ಹೋದವರು ಮರಳಲಿಲ್ಲ. ಕಾಯಬೇಕಾದಷ್ಟು ಕಾದು ಪಂದ್ಯವನ್ನು ಬೆಂಗಳೂರಿನ ಪಾಲಿಗೆ ಘೋಷಿಸಲಾಯಿತು. ಬೆಂಗಳೂರು ಮುಂದೆ ಫೈನಲಿಗೂ ಹೋಗಿ, ಅಲ್ಲಿ ಎಟಿಕೆ ಮೋಹನ್ ಬಾಗಾನ್ ತಂಡಕ್ಕೆ ಪೆನಾಲ್ಟಿಗಳಲ್ಲಿ ಸೋತು ಬಂದಿತು. ಆಟ ಅಲ್ಲಿಗೆ ಮುಗಿಯಿತು, ವಾದ ಮುಗಿಯಲಿಲ್ಲ.

ನನ್ನ ಪರಿಚಿತರೊಬ್ಬರ ಮನೆಯಲ್ಲಿ ಈ ವಾದವನ್ನು ಅದರ ಸಂಪೂರ್ಣ ವೈಭವದಲ್ಲಿ ಕೇಳುವ ಭಾಗ್ಯ ನನಗೆ ಹಲವು ಸಲ ಒದಗಿದೆ. ಮಾವನವರು ಬೆಂಗಳೂರಿನವರು, ಪಶ್ಚಿಮದ ಗ್ಯಾಲರಿಯಲ್ಲಿ ಹಾಡಿ ಕೂಗುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ತರುಣರ ನಡುವೆ ನರೆಗೂದಲಿನ ನೀಲಿ ಅಂಗಿಯವರು. ಅಳಿಯ ಕೊಚ್ಚಿಯವರು, ಹಳದಿ ಪಡೆಯೆಂದೇ ಅರ್ಥವುಳ್ಳ ‘ಮಂಞಪ್ಪಡ’ದ ನಿಷ್ಠಾವಂತರು. ಊಟದೆಲೆಯ ಮುಂದೆ ಕುಳಿತಾಗಲೂ ಮಾವನವರು ‘ಅಳಿಯಂದಿರೇ, ನಿಯಮ ಏನು ಹೇಳುತ್ತದೆ ಅಷ್ಟು ಹೇಳಿ’ ಎನ್ನುವುದೂ, ಅಳಿಯನಾದವರು ಬಹುವಿನಯದಿಂದ ‘ನಿಯಮ ಇರಲಿ ಮಾವ, ಮರ್ಯಾದೆ ಏನು ಹೇಳುತ್ತದೆ?’ ಎನ್ನುವುದೂ ಆ ಮನೆಯಲ್ಲಿ ಸಾರಿನಷ್ಟೇ ನಿತ್ಯವಾದ ವಸ್ತುಗಳು. ಪಕ್ಷಪಾತಿಗಳ ಮಾತಿನಲ್ಲಿ ನ್ಯಾಯವನ್ನು ಹುಡುಕುವುದು ಹುಚ್ಚುತನವೆಂದು ತಿಳಿದಿದ್ದ ನಾನು, ಇವರಿಬ್ಬರ ಮಾತನ್ನು ಕೇಳುತ್ತ ಬಂದಂತೆ ಆ ಅಭಿಪ್ರಾಯವನ್ನು ಬಹುಮಟ್ಟಿಗೆ ಕೈಬಿಟ್ಟಿದ್ದೇನೆ. ಯಾಕೆ ಕೈಬಿಟ್ಟೆನೆಂಬುದನ್ನು ಹೇಳುವುದಕ್ಕೇ ಈ ಬರಹ.

ಮೊದಲು ನಿಯಮದ ಮಾತು. ಫುಟ್‌ಬಾಲಿನ ಆಟದ ನಿಯಮಗಳಲ್ಲಿ ಹದಿಮೂರನೆಯದು ಫ್ರೀ ಕಿಕ್ಕನ್ನು ಕುರಿತದ್ದು. ಎದುರಾಳಿಗಳು ಚೆಂಡಿನಿಂದ 9.15 ಮೀಟರ್ ದೂರದಲ್ಲಿ ನಿಲ್ಲಬೇಕೆಂದು ಅದು ವಿಧಿಸುತ್ತದೆ. ಆದರೆ ಈ ಅಂತರ ಒದೆಯುವವನಿಗಾಗಿ ಇರುವ ಸೌಕರ್ಯವೇ ಹೊರತು ತಡೆಯುವವರಿಗಾಗಿ ಇರುವುದಲ್ಲ. ತನಗೆ ಆ ಸೌಕರ್ಯ ಬೇಡವೆನ್ನುವವನು ಗೋಡೆ ಸರಿಯುವುದಕ್ಕೂ ಸೀಟಿಗೂ ಕಾಯದೆ ತಕ್ಷಣವೇ ಚೆಂಡನ್ನು ಆಡಿಸಬಹುದು. ತಪ್ಪುಮಾಡಿದ ಪಕ್ಷಕ್ಕೆ ತನ್ನ ಕೋಟೆಯನ್ನು ಕಟ್ಟಿಕೊಳ್ಳಲು ವಿರಾಮವನ್ನು ಕೊಡಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ, ಇರುವುದು ನ್ಯಾಯವೂ ಅಲ್ಲ. ಹಾಗೆಂದು, ರೆಫರಿ ಒಮ್ಮೆ ಮುಂದೆಬಂದು ಗೋಡೆಯನ್ನು ತಾನೇ ಸರಿಸತೊಡಗಿದನೆಂದರೆ ಆ ಕ್ಷಣದಿಂದ ಕಿಕ್ಕು ವಿಧಿಪೂರ್ವಕವಾದದ್ದಾಗುತ್ತದೆ, ಆಗ ಸೀಟಿಯಿಲ್ಲದೆ ಚೆಂಡನ್ನು ಮುಟ್ಟುವಂತಿಲ್ಲ. ತನಗೆ ಗೋಡೆಯೂ ಬೇಡ, ಸೀಟಿಯೂ ಬೇಡವೆಂದು ರೆಫರಿಗೆ ಮೊದಲೇ ಹೇಳಿದ್ದೆನೆಂದು ಛೇತ್ರಿಯವರು ಪಂದ್ಯವಾದಮೇಲೆ ಹೇಳಿದರು. ಕಿಕ್ಕು ಆ ಹಂತವನ್ನು ದಾಟಿ ಹೋಗಿತ್ತೆಂದು ಬ್ಲಾಸ್ಟರ್ಸ್ ಕಡೆಯವರು ಹೇಳಿದರು. ಅಂದರೆ ಜಗಳವಿದ್ದುದು ನಿಯಮದ ವಿಷಯದಲ್ಲಿ ಅಲ್ಲ, ಸಂಗತಿಯ ವಿಷಯದಲ್ಲಿ. ಆಟದ ಸಂಗತಿಗಳ ವಿಷಯದಲ್ಲಿ ರೆಫರಿಯ ಮಾತೇ ಕೊನೆಯ ಮಾತೆಂದು ಐದನೆಯ ನಿಯಮ ಸಾರುತ್ತದೆ. ವಿಡಿಯೊ ನೋಡಿ ತಿದ್ದುವ ವ್ಯವಸ್ಥೆ ಆ ಲೀಗಿನಲ್ಲಿ ಆಗ ಇರಲಿಲ್ಲ. ಪಂದ್ಯವನ್ನು ಮತ್ತೆ ಆಡಿಸಬೇಕೆಂಬ ಬ್ಲಾಸ್ಟರ್ಸ್ ಕೋರಿಕೆಯನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತುಸಮಿತಿ ತಳ್ಳಿಹಾಕಿದ್ದು ಆದಕಾರಣವೇ ಸಹಜವಾಗಿತ್ತು.

ತಾಳಮದ್ದಳೆಯಲ್ಲಿ ವಾಲಿವಧೆಯ ಪ್ರಸಂಗವನ್ನು ಕೇಳಿದವರಿಗೆ ಈ ವಾದದ ಲಯ ಹೊಸದಾಗಿ ತೋರಲಾರದು. ವಾಲಿ ಬಿದ್ದಾಗಿದೆ, ಅವನು ಏಳುವಂತಿಲ್ಲವೆಂಬುದು ಅರ್ಥಧಾರಿಗೂ ಗೊತ್ತು, ಸಭೆಗೂ ಗೊತ್ತು. ಆದರೂ ಮರದ ಮರೆಯಿಂದ, ಬೇರೊಬ್ಬನೊಡನೆ ಹೋರಾಡುತ್ತಿದ್ದವನ ಮೇಲೆ ಬಾಣ ಬಿಟ್ಟದ್ದು ಯಾವ ಧರ್ಮವೆಂದು ವಾಲಿಯ ಪಾತ್ರಧಾರಿ ಕೇಳಲೇಬೇಕು, ರಾಮನ ಪಾತ್ರಧಾರಿ ಉತ್ತರ ಕೊಡಲೇಬೇಕು, ಆ ಪ್ರಶ್ನೋತ್ತರದಲ್ಲಿಯೇ ರಾತ್ರಿಯ ಅರ್ಧ ಕಳೆಯಬೇಕು. ಪ್ರಸಂಗದ ಫಲ ಬದಲಾಗದು. ಬದಲಾಗುವುದು ಆ ಫಲವನ್ನು ಕುರಿತ ನಮ್ಮ ತಿಳಿವಳಿಕೆ. ಗೋಲ್‌ಕೀಪರು ಬೇರೊಂದು ಕೆಲಸದಲ್ಲಿದ್ದಾಗ ಬಲೆಗೆ ಹಾಕಿದ ಚೆಂಡಿನ ವಿಷಯದಲ್ಲಿ ಮಾವ ಅಳಿಯಂದಿರು ಹೂಡುವ ವಾದವೂ ಇದೇ ಜಾತಿಯದು. ಒಂದೇ ವ್ಯತ್ಯಾಸವೆಂದರೆ, ನುರಿತ ಅರ್ಥಧಾರಿಯು ಇಂದು ವಾಲಿಯಾಗಿ ನಾಳೆ ರಾಮನಾಗಬಲ್ಲ; ಅಭಿಮಾನಿಗೆ ಆ ಸ್ವಾತಂತ್ರ್ಯವಿಲ್ಲ.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಗೋಲು ಸಿಂಧುವಾದದ್ದು; ತಂಡವನ್ನು ಕಣದಿಂದ ಹೊರಕ್ಕೆ ಕರೆದದ್ದು ಅಕ್ಷಮ್ಯವಾದದ್ದು. ತೀರ್ಪು ಮೆಚ್ಚದ ಪಕ್ಷವೆಲ್ಲ ಹೀಗೆ ಎದ್ದು ನಡೆಯುವುದಾದರೆ ಟಿಕೆಟು ಕೊಂಡು ಬಂದವನು ಹಸುರು ಹುಲ್ಲನ್ನು ಮಾತ್ರ ನೋಡಿಕೊಂಡು ಹೋಗಬೇಕಾಗುತ್ತದೆ. ಆಶ್ಚರ್ಯವೆಂದರೆ, ತುಸು ತಣ್ಣಗಿರುವ ವೇಳೆಯಲ್ಲಿ ಅಳಿಯನವರೂ ಇದನ್ನು ಒಪ್ಪುತ್ತಾರೆ. ಅವರು ಒಪ್ಪದಿರುವುದು ಬೇರೊಂದು ಮಾತನ್ನು. ಅದು ದಂಡದ ಪ್ರಮಾಣ. ಮಾರ್ಚ್ 31ರಂದು ಶಿಸ್ತುಸಮಿತಿಯು ಬ್ಲಾಸ್ಟರ್ಸ್ ಸಂಸ್ಥೆಗೆ 4 ಕೋಟಿ ರೂಪಾಯಿಗಳ ದಂಡವನ್ನೂ, ತರಬೇತುದಾರರಿಗೆ 10 ಪಂದ್ಯಗಳ ನಿಷೇಧವನ್ನೂ 5 ಲಕ್ಷ ರೂಪಾಯಿಗಳ ದಂಡವನ್ನೂ ವಿಧಿಸಿತು. ಇಬ್ಬರೂ ಬಹಿರಂಗವಾಗಿ ಕ್ಷಮೆ ಕೇಳದಿದ್ದರೆ ಈ ಮೊತ್ತಗಳು 6 ಕೋಟಿಗೂ 10 ಲಕ್ಷಕ್ಕೂ ಏರತಕ್ಕವೆಂದು ಹೇಳಿತು. ಮೇಲ್ಮನವಿಯಿಂದಲೂ ಪ್ರಯೋಜನವಾಗಲಿಲ್ಲ. ಅಳಿಯನವರ ಪ್ರಶ್ನೆ ಇಷ್ಟೇ: ನಾಲ್ಕೇ ಏಕೆ? ಎರಡೇಕಲ್ಲ, ಎಂಟೇಕಲ್ಲ?

ಈ ಪ್ರಶ್ನೆಯನ್ನು ಅವರು ಗಾಳಿಯಿಂದ ಹಿಡಿದು ತಂದದ್ದಲ್ಲ. 2012ರ ಡಿಸೆಂಬರ್ 9ರಂದು ಕಲ್ಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನಿಗೂ ಈಸ್ಟ್ ಬೆಂಗಾಲಿಗೂ ಐ-ಲೀಗಿನ ಪಂದ್ಯ ನಡೆದಾಗ, ಈಸ್ಟ್ ಬೆಂಗಾಲ್ ಒಂದು ಗೋಲಿನಿಂದ ಮುಂದಿದ್ದಿತು. ಬಾಗಾನಿನ ಮುಂಚೂಣಿಯ ಆಟಗಾರ ಓಡಾಫ ಒಕೊಲಿಗೆ ರೆಫರಿ ಕೆಂಪು ಕಾರ್ಡು ತೋರಿಸಿದ್ದೇ ತಡ ಗ್ಯಾಲರಿ ಕೆರಳಿತು, ಎಸೆದ ಕಲ್ಲೊಂದು ಬಾಗಾನಿನವರೇ ಆದ ಸಯ್ಯದ್ ರಹೀಮ್ ನಬಿಯವರ ಮುಖಕ್ಕೆ ಬಡಿಯಿತು, ಮಧ್ಯವಿರಾಮಾನಂತರ ಬಾಗಾನ್ ಕಣಕ್ಕೆ ಇಳಿಯಲೇ ಇಲ್ಲ. ಫೆಡರೇಷನ್ನು ಮೊದಲು ಬಾಗಾನನ್ನು ಐ-ಲೀಗಿನಿಂದ ಎರಡು ವರ್ಷಗಳ ಮಟ್ಟಿಗೆ ಹೊರಹಾಕಿತು. 1889ರಲ್ಲಿ ಸ್ಥಾಪಿತವಾಗಿ, 1911ರಲ್ಲಿ ಬರಿಗಾಲಿನಲ್ಲಿ ಆಡಿ ಬ್ರಿಟಿಷ್ ಪಲ್ಟಣಿಯನ್ನು ಸೋಲಿಸಿದ ಸಂಸ್ಥೆಯಿಲ್ಲದೆ ರಾಷ್ಟ್ರದ ಲೀಗನ್ನು ನಡೆಸುವುದೆಂತೆಂಬ ಚಿಂತೆ ಅನಂತರ ಹುಟ್ಟಿತೋ ಏನೋ, ಮರುತಿಂಗಳೇ ಆ ನಿಷೇಧ ಕರಗಿಹೋಯಿತು. ಅದರ ಬದಲು 2 ಕೋಟಿ ರೂಪಾಯಿಗಳ ದಂಡ ಬಂದಿತು, ಅದುವರೆಗೆ ಗಳಿಸಿದ್ದ ಅಂಕಗಳೆಲ್ಲ ಸೊನ್ನೆಯಾದವು. ಸೊನ್ನೆಯಿಂದ ಹೊರಟ ಬಾಗಾನ್ ಆ ಋತುವಿನಲ್ಲಿ ಕೆಳಶ್ರೇಣಿಗೆ ಬೀಳದೆ ಉಳಿದುಕೊಂಡದ್ದು ಅದರ ಚರಿತ್ರೆಯ ಅಲ್ಪ ಸಾಧನೆಯಲ್ಲ.

ಒಂದೇ ಅಪರಾಧ, ಕಣವನ್ನು ತೊರೆದದ್ದು. ಒಂದೆಡೆ 2 ಕೋಟಿ, ಇನ್ನೊಂದೆಡೆ 4 ಕೋಟಿ. ‘ಬಾಗಾನಿಗೆ ಹಿರಿತನದ ರಿಯಾಯಿತಿ, ನಮಗೆ ಹೊಸಬರ ಬೆಲೆ’ ಎನ್ನುತ್ತಾರೆ ಅಳಿಯ. ‘ಅವರ ಅಂಕಗಳೆಲ್ಲ ಹೋದುವು, ನಿಮ್ಮ ಒಂದು ಅಂಕವಾದರೂ ಹೋಯಿತೆ? ಹತ್ತು ವರ್ಷಗಳಲ್ಲಿ ರೂಪಾಯಿಯ ಬೆಲೆ ಇದ್ದಲ್ಲೇ ಇತ್ತೆ?’ ಎನ್ನುತ್ತಾರೆ ಮಾವ. ಇಬ್ಬರ ಮಾತೂ ಯುಕ್ತವಾದದ್ದೇ. ತೀರ್ಮಾನಿಸುವುದಕ್ಕೆ ನಮಗೆ ಇಲ್ಲದಿರುವುದು ಅಳತೆಗೋಲು. ಎಷ್ಟು ಹೊತ್ತು ಕಣ ತೊರೆದರೆ ಎಷ್ಟು, ಗಾಯಾಳುವಿದ್ದರೆ ಎಷ್ಟು ರಿಯಾಯಿತಿ, ಎರಡನೆಯ ಸಲವಾದರೆ ಎಷ್ಟು ಹೆಚ್ಚಳವೆಂದು ಅಪರಾಧಕ್ಕೆ ಮೊದಲೇ ಯಾರೂ ಬರೆದಿಟ್ಟಿರಲಿಲ್ಲ. ದಂಡವು ಅತಿತೀಕ್ಷ್ಣವಾದರೆ ಜನ ಬೆದರುವರು, ಅತಿಮೃದುವಾದರೆ ಜನ ಅಲಕ್ಷಿಸುವರು, ಯಥಾರ್ಹವಾದ ದಂಡವೊಂದೇ ಗೌರವಕ್ಕೆ ಪಾತ್ರವಾದದ್ದೆಂಬುದು ಕೌಟಿಲ್ಯನ ಕಾಲದಿಂದ ನಮ್ಮವರಿಗೆ ಗೊತ್ತಿರುವ ತತ್ತ್ವ. ಆದರೆ ಯಾವುದು ಯಥಾರ್ಹವೆಂಬುದನ್ನು ಹಿಂದಿನ ದಂಡವನ್ನು ನೋಡದೆ ಗೊತ್ತುಮಾಡುವ ಬಗೆಯಿಲ್ಲ. ಸಮಿತಿಗಳ ಸದಸ್ಯರು ಬದಲಾಗುತ್ತಾರೆ, ಕಡತಗಳು ಬೀರುವಿಗೆ ಸೇರುತ್ತವೆ. ಹಿಂದಿನ ದಂಡಗಳನ್ನು ತಾರೀಖು ಸಹಿತವಾಗಿ ನೆನಪಿಟ್ಟುಕೊಂಡಿರುವವನು ಸೋತ ತಂಡದ ಅಭಿಮಾನಿಯೊಬ್ಬನೇ. ಪಕ್ಷಪಾತವೇ ಅವನನ್ನು ಪೂರ್ವನಿದರ್ಶನಗಳ ಸಂಗ್ರಾಹಕನನ್ನಾಗಿ ಮಾಡುತ್ತದೆ. ಅವನ ನ್ಯಾಯಬುದ್ಧಿ ಸಂದೇಹಾಸ್ಪದವಾಗಿರಬಹುದು, ಅವನ ಖಾತೆಪುಸ್ತಕ ಮಾತ್ರ ಬಹುಪಾಲು ನಿಖರ.

ಅಭಿಮಾನಿಯ ಕೋಪವನ್ನು ಹಾಸ್ಯದ ವಸ್ತುವನ್ನಾಗಿ ಮಾತ್ರ ಕಾಣುವವರು 1980ರ ಆಗಸ್ಟ್ 16ನ್ನು ಮರೆಯಬಾರದು. ಅಂದು ಈಡನ್ ಗಾರ್ಡನ್ಸಿನಲ್ಲಿ ಇದೇ ಎರಡು ಕಲ್ಕತ್ತೆಯ ತಂಡಗಳ ಪಂದ್ಯದಲ್ಲಿ ದಿಲೀಪ್ ಪಾಲಿತ್ ಮತ್ತು ಬಿದೇಶ್ ಬೋಸ್ ಎಂಬಿಬ್ಬರು ಆಟಗಾರರ ನಡುವಿನ ಘರ್ಷಣೆ ಗ್ಯಾಲರಿಗೆ ಹಬ್ಬಿ, ನೂಕುನುಗ್ಗಲಿನಲ್ಲಿ ಹದಿನಾರು ಮಂದಿ ಪ್ರಾಣ ಬಿಟ್ಟರು. ಇಷ್ಟೇ ಸಾಕು; ಆ ದಿನದ ಮೇಲೆ ಪಾಂಡಿತ್ಯವನ್ನು ಕಟ್ಟುವುದು ಸಲ್ಲದು.

ಆಟಗಾರರ ಶಿಸ್ತಿನ ವಿಷಯಕ್ಕೆ ಬಂದರೆ, ದಂಡವು ಪ್ರೇಕ್ಷಕನ ಕಣ್ಣಿಗೆ ಕಾಣುವಂತಾದದ್ದೇ ಬಹು ಈಚೆಗೆ. 1966ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿನೆದುರು ಆಡುತ್ತಿದ್ದ ಅರ್ಜೆಂಟೀನದ ನಾಯಕ ರಾತ್ತೀನನ್ನು ಜರ್ಮನ್ ರೆಫರಿ ಹೊರಗೆ ಹೋಗೆಂದಾಗ, ಒಬ್ಬನ ಭಾಷೆ ಇನ್ನೊಬ್ಬನಿಗೆ ತಿಳಿಯದೆ ದೊಡ್ಡ ರಂಪವಾಯಿತು. ರೆಫರಿಗಳ ಮೇಲ್ವಿಚಾರಕರಾಗಿದ್ದ ಕೆನ್ ಆಸ್ಟನ್ ಅದನ್ನೇ ಚಿಂತಿಸುತ್ತ ಲಂಡನ್ನಿನ ಬೀದಿಯಲ್ಲಿ ಕಾರು ನಡೆಸುತ್ತಿದ್ದಾಗ ಸಂಚಾರದೀಪದ ಹಳದಿ ಕೆಂಪುಗಳು ಕಣ್ಣಿಗೆ ಬಿದ್ದು, ಕಾರ್ಡುಗಳ ಕಲ್ಪನೆ ಹುಟ್ಟಿತು. 1970ರ ಮೆಕ್ಸಿಕೊ ವಿಶ್ವಕಪ್ಪಿನಲ್ಲಿ ಅವು ಮೊದಲು ಕಾಣಿಸಿಕೊಂಡವು. ಆ ಪಂದ್ಯಾವಳಿಯಲ್ಲಿ ಒಬ್ಬನಿಗೂ ಕೆಂಪು ಕಾರ್ಡು ಬೀಳಲಿಲ್ಲವೆಂಬುದು ಒಂದು ವಿನೋದ. ಕಾರ್ಡು ಭಾಷೆಯ ತೊಡಕನ್ನು ಬಿಡಿಸಿತು, ನ್ಯಾಯದ ತೊಡಕನ್ನಲ್ಲ. ಅಷ್ಟೇ ಅಲ್ಲ, ತೀರ್ಪು ಈಗ ಬಣ್ಣದಲ್ಲಿ ಕಾಣುವುದರಿಂದ ಅದನ್ನು ಎಣಿಸುವುದು ಸುಲಭವಾಯಿತು, ಎಣಿಕೆ ಸುಲಭವಾದೊಡನೆ ಹೋಲಿಕೆಯೂ ಸುಲಭವಾಯಿತು.

ಹೋಲಿಕೆಗೆ ಇದಕ್ಕಿಂತ ವಿಚಿತ್ರವಾದ ಜೋಡಿ ನನಗೆ ತಿಳಿದಂತೆ ಇನ್ನೊಂದಿಲ್ಲ. 2006ರಲ್ಲಿ ಟಾಟನ್‌ಹ್ಯಾಮಿನ ಜರ್ಮೇನ್ ಡೀಫೊ ವೆಸ್ಟ್ ಹ್ಯಾಮಿನ ಮಸ್ಕೆರಾನೊನ ತೋಳನ್ನು ಕಚ್ಚಿದ. ರೆಫರಿ ಹಳದಿ ಕಾರ್ಡು ತೋರಿಸಿದರು, ಅಲ್ಲಿಗೆ ಮುಗಿಯಿತು. 2013ರ ಏಪ್ರಿಲ್‌ನಲ್ಲಿ ಲಿವರ್‌ಪೂಲಿನ ಲೂಯಿಸ್ ಸ್ವಾರೆಸ್ ಚೆಲ್ಸಿಯ ಇವಾನೊವಿಚ್‌ನ ತೋಳನ್ನು ಕಚ್ಚಿದ. ರೆಫರಿ ಅದನ್ನು ನೋಡಲಿಲ್ಲ, ಪಂದ್ಯವಾದಮೇಲೆ 10 ಪಂದ್ಯಗಳ ನಿಷೇಧ ಬಂದಿತು. ಎರಡೂ ಕಚ್ಚುವಿಕೆಯೇ. ಒಂದಕ್ಕೆ ಹಳದಿ ಕಾರ್ಡು, ಇನ್ನೊಂದಕ್ಕೆ ಹತ್ತು ಪಂದ್ಯ. ರೆಫರಿ ಕಣ್ಣಾರೆ ಕಂಡು ತೀರ್ಮಾನಿಸಿದ್ದನ್ನು ಮತ್ತೆ ತೆರೆಯಬಾರದೆಂಬ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ನಿನ ಅಂದಿನ ಕಟ್ಟಳೆಯೇ ಈ ವೈಷಮ್ಯಕ್ಕೆ ಕಾರಣ: ಕಂಡ ಅಪರಾಧಕ್ಕೆ ಲಘುಶಿಕ್ಷೆ ಸಾಧ್ಯ, ಕಾಣದ ಅಪರಾಧಕ್ಕೆ ಗುರುಶಿಕ್ಷೆ ಸಾಧ್ಯ! ಲಿವರ್‌ಪೂಲ್ ಅಭಿಮಾನಿಗಳು ಡೀಫೊನ ಹೆಸರನ್ನು ಮರೆಯದೆ ಎತ್ತಿದರು. ಸ್ವಾರೆಸ್ ಹಾಲೆಂಡಿನಲ್ಲಿದ್ದಾಗಲೂ ಒಮ್ಮೆ ಕಚ್ಚಿದ್ದನೆಂಬುದನ್ನೂ, 2011ರಲ್ಲಿ ಪ್ಯಾಟ್ರಿಸ್ ಎವ್ರಾನನ್ನು ಜನಾಂಗದ ಹೆಸರಿನಲ್ಲಿ ನಿಂದಿಸಿದ್ದಕ್ಕಾಗಿ 8 ಪಂದ್ಯಗಳ ನಿಷೇಧಕ್ಕೂ 40,000 ಪೌಂಡುಗಳ ದಂಡಕ್ಕೂ ಗುರಿಯಾಗಿದ್ದನೆಂಬುದನ್ನೂ ಎದುರಾಳಿಗಳು ಎತ್ತಿದರು. ಮರುವರ್ಷದ ವಿಶ್ವಕಪ್ಪಿನಲ್ಲಿ ಅವನು ಇಟಲಿಯ ಕಿಯೆಲ್ಲಿನಿಯನ್ನು ಕಚ್ಚಿದಾಗ ಲಿವರ್‌ಪೂಲಿನವರ ವಾದದ ಹಲ್ಲೇ ಉದುರಿಹೋಯಿತು. ಫಿಫಾ 9 ಅಂತಾರಾಷ್ಟ್ರೀಯ ಪಂದ್ಯಗಳ ಜೊತೆಗೆ ನಾಲ್ಕು ತಿಂಗಳು ಫುಟ್‌ಬಾಲಿನಿಂದಲೇ ದೂರವಿರಿಸಿತು. ಆದರೂ ಡೀಫೊನ ಹಳದಿ ಕಾರ್ಡಿಗೆ ಇಂದಿಗೂ ಸಮಾಧಾನಕರವಾದ ಉತ್ತರವಿಲ್ಲವೆಂದೇ ನಾನು ಹೇಳುವೆನು.

ಎರಿಕ್ ಕ್ಯಾಂಟೊನಾನ ಪ್ರಕರಣವನ್ನು ಹಾದುಹೋಗುವುದು ಹೇಗೆ? 1995ರ ಜನವರಿ 25ರಂದು ಕ್ರಿಸ್ಟಲ್ ಪ್ಯಾಲೆಸ್ ಎದುರಿನ ಪಂದ್ಯದಲ್ಲಿ ಕೆಂಪು ಕಾರ್ಡು ಪಡೆದು ಹೊರನಡೆಯುತ್ತಿದ್ದ ಆತ, ಬೈದ ಪ್ರೇಕ್ಷಕನೊಬ್ಬನ ಎದೆಗೆ ಬೇಲಿಯ ಮೇಲಿಂದ ಹಾರಿ ಒದ್ದ. ಆತನ ಸಂಸ್ಥೆಯಾದ ಮ್ಯಾಂಚೆಸ್ಟರ್ ಯುನೈಟೆಡ್ ತಾನಾಗಿಯೇ ಋತುವಿನ ಅಂತ್ಯದವರೆಗೆ ಅವನನ್ನು ಕೂರಿಸಿತು. ಅಸೋಸಿಯೇಷನ್ನು ಅದನ್ನು ಸೆಪ್ಟೆಂಬರ್ ಕೊನೆಯವರೆಗೆ ಎಳೆಯಿತು. ನ್ಯಾಯಾಲಯ ವಿಧಿಸಿದ ಎರಡು ವಾರಗಳ ಸೆರೆ ಮೇಲ್ಮನವಿಯಲ್ಲಿ 120 ಗಂಟೆಗಳ ಸಮಾಜಸೇವೆಯಾಯಿತು. ಯುನೈಟೆಡ್ ಆ ವರ್ಷ ಒಂದೇ ಅಂಕದಿಂದ ಬ್ಲ್ಯಾಕ್‌ಬರ್ನಿಗೆ ಪ್ರಶಸ್ತಿಯನ್ನು ಬಿಟ್ಟುಕೊಟ್ಟಿತು. ಇಲ್ಲಿ ದಂಡದ ಪ್ರಮಾಣದ ಮೇಲೆ ಜಗಳವಾಗಬೇಕಾದಷ್ಟು ಆಗಲಿಲ್ಲ. ಹೋಲಿಕೆಗೆ ಸಿಗುವಂಥ ಅಪರಾಧವನ್ನು ಅದಕ್ಕೆ ಮುಂಚೆ ಯಾರೂ ಮಾಡಿರಲಿಲ್ಲವಾದ್ದರಿಂದ ಖಾತೆಪುಸ್ತಕದ ಎಡಪುಟ ಬರಿದಾಗಿತ್ತು.

ವ್ಯಕ್ತಿಗಳನ್ನು ಬಿಟ್ಟು ಸಂಸ್ಥೆಗಳ ಕಡೆ ತಿರುಗಿದರೆ ಅದೇ ರೋಗ ಇನ್ನೂ ದೊಡ್ಡ ಪ್ರಮಾಣದಲ್ಲಿ ಕಾಣುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಸಂಸ್ಥೆಯೊಂದು ಮೂರು ವರ್ಷಗಳಲ್ಲಿ 10.5 ಕೋಟಿ ಪೌಂಡುಗಳಿಗಿಂತ ಹೆಚ್ಚು ನಷ್ಟ ಮಾಡಿಕೊಳ್ಳಬಾರದೆಂದು ಆಗ ಕಟ್ಟಳೆಯಿತ್ತು. ಲಿವರ್‌ಪೂಲ್ ನಗರದ ಎವರ್ಟನ್ ಈ ಮಿತಿಯನ್ನು 1.95 ಕೋಟಿಯಷ್ಟು ಮೀರಿತೆಂದು 2023ರ ನವೆಂಬರ್ 17ರಂದು ಸ್ವತಂತ್ರ ಆಯೋಗವೊಂದು ಅದರ 10 ಅಂಕಗಳನ್ನು ಕಿತ್ತುಕೊಂಡಿತು. ಅಭಿಮಾನಿಗಳು ಗುಡಿಸನ್ ಪಾರ್ಕಿನಲ್ಲಿ ಪ್ರತಿಭಟನೆಯ ಕಾರ್ಡುಗಳನ್ನೆತ್ತಿ ಹಿಡಿದರು. ಮಿತಿ ಮೀರಿದ್ದನ್ನು ಎವರ್ಟನ್ನೇ ಒಪ್ಪಿಕೊಂಡಿದ್ದಿತು. ಅಪರಾಧದ ಮೇಲೆ ಜಗಳವೇ ಇರಲಿಲ್ಲ. ಅವರು ಕೇಳಿದ್ದು ಕೊಚ್ಚಿಯ ಅಳಿಯ ಕೇಳಿದ್ದನ್ನೇ: ಹತ್ತೇ ಏಕೆ? ದಿವಾಳಿಯಾಗಿ ಆಡಳಿತಾಧಿಕಾರಿಯ ಕೈಗೆ ಹೋದ ಸಂಸ್ಥೆಗೆ ಅದೇ ಲೀಗಿನಲ್ಲಿ ನಿಗದಿಯಾದ ದಂಡ 9 ಅಂಕ, 2010ರಲ್ಲಿ ಪೋರ್ಟ್ಸ್‌ಮತ್ ತೆತ್ತದ್ದೂ ಅಷ್ಟೇ. ಮುಳುಗಿದವನಿಗಿಂತ ನೀರಿಗೆ ಹತ್ತಿರ ನಿಂತವನಿಗೆ ಹೆಚ್ಚು ದಂಡವೆಂಬುದು ಯಾವ ತರ್ಕ? ಮೂರು ತಿಂಗಳಲ್ಲಿ ಮೇಲ್ಮನವಿ ಮಂಡಳಿಯು ಹತ್ತನ್ನು ಆರಕ್ಕೆ ಇಳಿಸಿತು. ಮುಂದಿನ ಅವಧಿಯ ಇನ್ನೊಂದು ಉಲ್ಲಂಘನೆಗಾಗಿ ಏಪ್ರಿಲ್‌ನಲ್ಲಿ ಇನ್ನೆರಡು ಅಂಕಗಳು ಹೋದುವು. ನಡುವೆ, 3.45 ಕೋಟಿ ಪೌಂಡುಗಳಷ್ಟು ಮಿತಿಮೀರಿದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸಂಸ್ಥೆಗೆ 4 ಅಂಕಗಳ ಕಡಿತವಾಯಿತು, ವಿಚಾರಣೆಯಲ್ಲಿ ಸಹಕರಿಸಿದ್ದು ಅದಕ್ಕೆ ಅನುಕೂಲವಾಯಿತು. ಹೆಚ್ಚು ಮೀರಿದವನಿಗೆ ಕಡಿಮೆ, ಕಡಿಮೆ ಮೀರಿದವನಿಗೆ ಹೆಚ್ಚು. ಪ್ರತಿಯೊಂದು ತೀರ್ಪನ್ನೂ ಒಂಟಿಯಾಗಿ ಓದಿದರೆ ಕಾರಣಗಳು ಸಮಂಜಸವಾಗಿಯೇ ತೋರುತ್ತವೆ. ಒಟ್ಟಿಗೆ ಓದಿದಾಗ ತಕ್ಕಡಿ ಓಲಾಡುತ್ತದೆ.

ತಮಾಷೆಯೆಂದರೆ, ಒಂದು ಲೆಕ್ಕದ ಸೂತ್ರವನ್ನು ಲೀಗೇ ಆಯೋಗದ ಮುಂದಿಟ್ಟಿದ್ದಿತು: ಆರಂಭಕ್ಕೆ 6 ಅಂಕ, ಅನಂತರ ಮೀರಿದ ಪ್ರತಿ 50 ಲಕ್ಷ ಪೌಂಡಿಗೆ ಒಂದೊಂದು ಅಂಕ. ಆಯೋಗ ಆ ಸೂತ್ರವನ್ನು ಒಪ್ಪಲಿಲ್ಲ. ಅಪರಾಧ ನಡೆದಮೇಲೆ ತಯಾರಾದ ಅಳತೆಗೋಲನ್ನು ಒಪ್ಪದಿದ್ದುದು ಸರಿಯೇ. ಆದರೆ ಅದಕ್ಕೆ ಬದಲಾಗಿ ಯಾವ ಗೋಲನ್ನೂ ಹಿಡಿಯದೆ ಅಂದಾಜಿನಿಂದಲೇ ಹತ್ತೆಂದದ್ದು ಇನ್ನೂ ಸರಿಯೆನ್ನುವುದು ಹೇಗೆ?

ಎವರ್ಟನ್ನಿನವರ ಖಾತೆಯಲ್ಲಿ ಇನ್ನೊಂದು ಪುಟವಿದೆ. ಮ್ಯಾಂಚೆಸ್ಟರ್ ಸಿಟಿಯ ಮೇಲೆ 2023ರ ಫೆಬ್ರವರಿಯಲ್ಲಿಯೇ ಲೀಗು ಹೊರಿಸಿದ ಆರೋಪಗಳು ಜನರ ಬಾಯಲ್ಲಿ 115 ಎಂದು ಪ್ರಸಿದ್ಧವಾದವು. ಅವುಗಳ ವಿಚಾರಣೆ ಶುರುವಾದದ್ದು 2024ರ ಸೆಪ್ಟೆಂಬರಿನಲ್ಲಿ. ಸಿಟಿ ತಾನು ನಿರ್ದೋಷಿಯೆಂದು ಮೊದಲಿನಿಂದಲೂ ಹೇಳುತ್ತ ಬಂದಿದೆ. ನೂರಕ್ಕೆ ಮೇಲ್ಪಟ್ಟ ಆರೋಪಗಳನ್ನು ಅಲ್ಲಗಳೆಯುತ್ತಿರುವವನ ವಿಚಾರಣೆಯೂ, ಒಂದೇ ಆರೋಪವನ್ನು ಒಪ್ಪಿಕೊಂಡವನ ವಿಚಾರಣೆಯೂ ಒಂದೇ ವೇಗದಲ್ಲಿ ನಡೆಯಲಾರವೆಂಬ ಮಾತು ಸತ್ಯ. ಆದರೆ ಒಪ್ಪಿಕೊಂಡವನು ಬೇಗ ತೆರುತ್ತಾನೆ, ಒಪ್ಪದವನು ಆಡುತ್ತಲೇ ಇರುತ್ತಾನೆ ಎಂಬ ಅನಿಸಿಕೆ ಗ್ಯಾಲರಿಯಲ್ಲಿ ಬೇರೂರಿದರೆ, ಮುಂದಿನ ಸಲ ಒಪ್ಪಿಕೊಳ್ಳುವವನು ಯಾರು?

ಹಾಗಾದರೆ ಅಭಿಮಾನಿಗಳು ಯಾವ ನಿಯಮವನ್ನೂ ಒಪ್ಪದ ಹಠಮಾರಿಗಳೋ ಎಂದರೆ, ಅಲ್ಲ. 1989ರ ಮೇ 26ರಂದು ಲಿವರ್‌ಪೂಲಿನ ಅಂಗಳದಲ್ಲೇ ಆರ್ಸೆನಲ್ 2–0 ಗೆದ್ದಾಗ ಎರಡು ತಂಡಗಳಿಗೂ ತಲಾ 76 ಅಂಕ, ಎರಡಕ್ಕೂ ಗೋಲುಗಳ ಅಂತರ 37. ಆರ್ಸೆನಲ್ ಹೊಡೆದ ಗೋಲುಗಳು 73, ಲಿವರ್‌ಪೂಲಿನವು 65 ಎಂಬ ಒಂದೇ ಕಾರಣದಿಂದ ಪ್ರಶಸ್ತಿ ಲಂಡನ್ನಿಗೆ ಹೋಯಿತು. ಕೊನೆಯ ಪಂದ್ಯದ ಕೊನೆಯ ಕ್ಷಣದಲ್ಲಿ ಇಷ್ಟು ಕೂದಲೆಳೆಯ ಸೋಲನ್ನುಂಡ ಲಿವರ್‌ಪೂಲಿಗರು ನಿಯಮವನ್ನು ಬೈಯಲಿಲ್ಲ. ಅದು ಆಗಸ್ಟಿನಿಂದಲೇ ಗೋಡೆಯ ಮೇಲೆ ಬರೆದಿಟ್ಟ ನಿಯಮ. ನಮ್ಮಲ್ಲಿಯೂ 2024ರ ಮಾರ್ಚ್‌ನಲ್ಲಿ ಜಮ್‌ಶೆಡ್‌ಪುರ ಮತ್ತು ಮುಂಬೈ ಸಿಟಿ ತಂಡಗಳು 1–1ರಲ್ಲಿ ಮುಗಿಸಿದ ಪಂದ್ಯವನ್ನು ಮುಂಬೈಗೆ 3–0 ಎಂದು ಕೊಡಲಾಯಿತು. ಕಣದಲ್ಲಿ ಯಾವಾಗಲೂ ಏಳು ಮಂದಿ ಭಾರತೀಯರಿರಬೇಕೆಂಬ ಕಟ್ಟಳೆಯನ್ನು ಜಮ್‌ಶೆಡ್‌ಪುರ ಒಬ್ಬ ಆಟಗಾರ ಕೆಂಪು ಕಾರ್ಡಿನಿಂದ ಹೊರಹೋದ ಮೇಲೆ ಪಾಲಿಸಿರಲಿಲ್ಲ. ಹತ್ತೇ ಮಂದಿಯಿಂದ ಆಡಿದ ತಂಡಕ್ಕೆ ಇದರಿಂದ ಲಾಭವೇನೂ ಆಗಿರಲಾರದು. ನಿಷ್ಠುರವೆಂದು ಕಂಡರೂ ಈ ತೀರ್ಪಿನ ಮೇಲೆ ನಾನು ಹೆಚ್ಚು ಕೋಪಗೊಳ್ಳಲಾರೆ: ನಿಯಮವೂ ಬರೆದಿತ್ತು, ಎಣಿಕೆಯೂ ಸುಲಭವಾಗಿತ್ತು.

ಕೋಪಗೊಳ್ಳಬೇಕಾದದ್ದು ಲೀಗಿನ ರಚನೆಯ ವಿಷಯದಲ್ಲಿ. ಮಿಜೋರಮಿನ ಐಜಾಲ್ ಎಫ್‌ಸಿ 2016–17ರಲ್ಲಿ ಕಲ್ಕತ್ತೆ, ಬೆಂಗಳೂರುಗಳ ದೊಡ್ಡ ತಂಡಗಳನ್ನು ಹಿಂದಿಕ್ಕಿ ಐ-ಲೀಗನ್ನು ಗೆದ್ದಿತು. ಗೆದ್ದ ತಂಡ ಮೇಲಕ್ಕೆ ಹೋಗುವುದು, ಸೋತ ತಂಡ ಕೆಳಕ್ಕಿಳಿಯುವುದು ಜಗತ್ತಿನ ಬಹುಪಾಲು ಲೀಗುಗಳ ಮೂಲಸೂತ್ರ. ಆದರೆ 2014ರಲ್ಲಿ ಆರಂಭವಾದ ಸೂಪರ್ ಲೀಗಿಗೆ ಪ್ರವೇಶ ದೊರೆಯುತ್ತಿದ್ದುದು ಹಣಕೊಟ್ಟು ಪಡೆದ ಹಕ್ಕಿನಿಂದ, ಗೆಲುವಿನಿಂದಲ್ಲ. ಐಜಾಲ್ ಹೊರಗೇ ಉಳಿಯಿತು. ಐ-ಲೀಗಿನ ವಿಜೇತರಿಗೆ ಮೇಲಿನ ಬಾಗಿಲು ತೆರೆದದ್ದು 2022–23ರ ಋತುವಿನಿಂದ. ಪಂಜಾಬಿನ ತಂಡ ಮೊದಲು ಒಳಬಂದಿತು, ಮರುವರ್ಷ ಮೊಹಮ್ಮಡನ್ ಸ್ಪೋರ್ಟಿಂಗ್ ಬಂದಿತು. ಬಾಗಿಲು ತೆರೆದೊಡನೆ ಹೊಸ್ತಿಲಿನಲ್ಲಿ ಜಗಳ ಹುಟ್ಟಿತು. 2024–25ರಲ್ಲಿ ಗೋವೆಯ ಚರ್ಚಿಲ್ ಬ್ರದರ್ಸ್ 40 ಅಂಕಗಳೊಡನೆಯೂ ಇಂಟರ್ ಕಾಶಿ 39 ಅಂಕಗಳೊಡನೆಯೂ ಋತುವನ್ನು ಮುಗಿಸಿದವು; ಆಟಗಾರರ ಅರ್ಹತೆ, ನೋಂದಣಿಗಳ ತಕರಾರು ಫೆಡರೇಷನ್ನಿನ ಒಂದು ಸಮಿತಿಯಿಂದ ಇನ್ನೊಂದಕ್ಕೆ ಓಡಾಡಿ, ಒಂದು ತೀರ್ಪನ್ನು ಇನ್ನೊಂದು ತಲೆಕೆಳಗುಮಾಡಿ, ಕೊನೆಗೆ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಕ್ರೀಡಾನ್ಯಾಯಮಂಡಳಿಯು 2025ರ ಜುಲೈ 18ರಂದು ಇಂಟರ್ ಕಾಶಿಯೇ ವಿಜೇತನೆಂದಿತು. ಏಪ್ರಿಲ್‌ನಲ್ಲಿ ಮುಗಿದ ಆಟದ ಫಲವನ್ನು ತಿಳಿಯುವುದಕ್ಕೆ ಕಾಶಿಯವರೂ ಗೋವೆಯವರೂ ಆಲ್ಪ್ಸ್ ಪರ್ವತದ ಕಡೆ ಮುಖಮಾಡಿ ಮೂರು ತಿಂಗಳು ಕಾದರು.

ಈ ಪ್ರಕರಣದ ಕಾಗದಗಳನ್ನು ಅಳಿಯನವರು ಸಂಪಾದಿಸಿಟ್ಟಿದ್ದಾರೆ. ಬ್ಲಾಸ್ಟರ್ಸ್‌ಗೂ ಇದಕ್ಕೂ ಏನು ಸಂಬಂಧವೆಂದು ಕೇಳಿದರೆ, ಮುಂದೆ ಬೇಕಾದೀತೆನ್ನುತ್ತಾರೆ. ಮಾವನವರು ತಮ್ಮ ಪಾಲಿಗೆ ಹದಿಮೂರನೆಯ ನಿಯಮದ ಪ್ರತಿಯೊಂದನ್ನು ಕಪಾಟಿನಲ್ಲಿ ಇರಿಸಿಕೊಂಡಿದ್ದಾರೆ. ಕಂಠೀರವದ ಆ ರಾತ್ರಿಯಾದ ಮರುತಿಂಗಳು ಕೋಳಿಕ್ಕೋಡಿನ ಸೂಪರ್ ಕಪ್ಪಿನಲ್ಲಿ ಇದೇ ಎರಡು ತಂಡಗಳು ಮತ್ತೆ ಎದುರುಬದುರಾಗಿ 1–1ರಲ್ಲಿ ಬಿಟ್ಟುಕೊಂಡಾಗ ಇಬ್ಬರೂ ಒಂದೇ ಟಿವಿಯ ಮುಂದೆ ಕುಳಿತಿದ್ದರು. ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಾಗಲೆಲ್ಲ ಅಳಿಯನವರು ಕೈಯಲ್ಲಿದ್ದ ಕಾಫಿಲೋಟವನ್ನು ಕೆಳಗಿಟ್ಟು, ಪರದೆಯಿಂದ ಕಣ್ಣು ತೆಗೆಯದೆ, ‘ಸೀಟಿ ಆಯಿತೆ, ಮಾವ?’ ಎಂದು ಕೇಳುತ್ತಿದ್ದರು.